ಗುರುತ್ವ ದುರ್ಬಲವಾದರೆ ಮರದಿಂದ ಬಿದ್ದವರ ಮೂಳೆ ಮುರಿಯುವುದೇಕೆ?

ಪ್ರಶ್ನೆ: ನಿಸರ್ಗದ ನಾಲ್ಕು ಮೂಲಬಲಗಳಲ್ಲಿ ಗುರುತ್ವವೇ ಎಲ್ಲಕ್ಕಿಂತ ದುರ್ಬಲ ಎನ್ನುತ್ತಾರೆ. ಚಂದ್ರನನ್ನೇ ಹಿಡಿದಿಟ್ಟಿರುವ, ತೆಂಗಿನಮರದಿಂದ ಬಿದ್ದವರ ಮೂಳೆ ಮುರಿಯುವ ಬಲ ದುರ್ಬಲ ಹೇಗಾಗುತ್ತದೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಪಿಯುಸಿ ತರಗತಿಗಳು ಶುರುವಾದ ಕೂಡಲೇ ಮತ್ತೆ ಬರುತ್ತದೆ. ಈ ಸಲ ಬುಡಸಮೇತ ಕೀಳೋಣ.

ಮೊದಲು ಮೂಳೆಯ ವಿಚಾರ. ಮರದಿಂದ ಜಾರಿದವರನ್ನು ಕೆಳಕ್ಕೆಳೆದದ್ದು ಗುರುತ್ವ, ನಿಜ. ಆದರೆ ಬೀಳುತ್ತಿರುವಷ್ಟು ಹೊತ್ತು ಅವರಿಗೆ ಏನೂ ಆಗಿರುವುದಿಲ್ಲ. ಮೂಳೆ ಮುರಿಯುವುದು ನೆಲ ತಡೆದಾಗ. ತಡೆಯುವುದು ನೆಲದ ಮತ್ತು ಮೈಯ ಪರಮಾಣುಗಳ ನಡುವಿನ ವಿದ್ಯುತ್ ಬಲ. ಎಲೆಕ್ಟ್ರಾನುಗಳು ಒಂದರ ಜಾಗಕ್ಕೆ ಇನ್ನೊಂದನ್ನು ಬಿಡದ ಪೌಲಿ ನಿಯಮವೂ ಅದರ ಜೊತೆಗಿದೆ. ಮೂವತ್ತು ಅಡಿ ಉದ್ದಕ್ಕೂ ಗುರುತ್ವ ಕೂಡಿಸಿಕೊಟ್ಟ ವೇಗವನ್ನು ನೆಲ ಕೆಲವೇ ಅಂಗುಲದಲ್ಲಿ ಸೊನ್ನೆ ಮಾಡುತ್ತದೆ. ಯಾವುದು ಬಲಶಾಲಿ, ಈಗ ಹೇಳಿ.

ಮಾವಿನ ತೊಟ್ಟನ್ನು ಹತ್ತಿರದಿಂದ ನೋಡಿ. 6ರ ಮುಂದೆ 24 ಸೊನ್ನೆಯಷ್ಟು ಕಿಲೋಗ್ರಾಂ ಇರುವ ಇಡೀ ಭೂಮಿ ಒಂದು ರಸಪುರಿ ಕಾಯನ್ನು ಎಳೆಯುತ್ತಿದೆ. ಎದುರಿಗಿರುವುದು ಕಿರುಬೆರಳಿಗಿಂತ ಸಪೂರವಾದ ತೊಟ್ಟು. ಅದರ ನಾರುಗಳನ್ನು ಹಿಡಿದಿರುವುದು ರಾಸಾಯನಿಕ ಬಂಧ, ಅಂದರೆ ವಿದ್ಯುತ್ ಬಲವೇ. ವಾರಗಟ್ಟಲೆ ಗೆಲ್ಲುವುದು ತೊಟ್ಟು. ಕೊನೆಗೆ ಹಣ್ಣು ಉದುರುವುದು ಗುರುತ್ವ ಜಾಸ್ತಿಯಾಗಿ ಅಲ್ಲ, ತೊಟ್ಟಿನ ಬಳಿಯ ಜೀವಕೋಶಗಳ ಅಂಟನ್ನು ಗಿಡವೇ ಕರಗಿಸುವುದರಿಂದ. ಬಾಚಣಿಗೆಯಿಂದ ಕಾಗದದ ಚೂರು ಎತ್ತಿದವರೂ ಇದನ್ನೇ ಕಂಡಿದ್ದೀರಿ. (ತಲೆಗೆ ಎಣ್ಣೆ ಹಚ್ಚಿಕೊಂಡು ಮಳೆಗಾಲದಲ್ಲಿ ಮಾಡಿ, ಆಗಲಿಲ್ಲ ಎಂದು ಬರೆಯಬೇಡಿ. ಒಣ ಕೂದಲು, ಒಣ ಹವೆ ಬೇಕು.)

ಎರಡು ಪ್ರೋಟಾನುಗಳ ನಡುವಿನ ವಿದ್ಯುತ್ ವಿಕರ್ಷಣೆ ಅವುಗಳ ಗುರುತ್ವಾಕರ್ಷಣೆಗಿಂತ ಹೆಚ್ಚುಕಡಿಮೆ 1ರ ಮುಂದೆ 36 ಸೊನ್ನೆ ಹಾಕಿದಷ್ಟು ಪಟ್ಟು ಹೆಚ್ಚು. ಎರಡೂ ಬಲಗಳು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ಅವನ್ನು ದೂರ ಸರಿಸಿದರೂ ಈ ಅನುಪಾತ ಬದಲಾಗದು. ಎರಡು ಎಲೆಕ್ಟ್ರಾನುಗಳಾದರೆ ಅದು 4ರ ಮುಂದೆ 42 ಸೊನ್ನೆ. ಸಂಖ್ಯೆ ಯಾವ ಕಣವನ್ನು ಆರಿಸಿಕೊಂಡಿರಿ ಎನ್ನುವುದರ ಮೇಲೆ ನಿಂತಿದೆ; ಒಂದನ್ನೇ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಸುಮಾರು 2 ಮೈಕ್ರೋಗ್ರಾಂ ತೂಗುವ ಎರಡು ನುಣ್ಣನೆ ಮರಳಿನ ಕಣಗಳಿಗೆ ಒಂದೊಂದೇ ಎಲೆಕ್ಟ್ರಾನ್ ಹೆಚ್ಚಿಗೆ ಕೊಟ್ಟರೆ ಎರಡೂ ಬಲ ಸರಿಸಮ! ಈ ಲೆಕ್ಕ ಮಾಡಿಸಿದಾಗಲೆಲ್ಲ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ನನಗೆ ಬಹಳ ಇಷ್ಟವಾದ ಮೌನ ಅದು.

ಹಾಗಾದರೆ ಚಂದ್ರ? ವಿದ್ಯುದಾವೇಶದಲ್ಲಿ ಧನವೂ ಉಂಟು, ಋಣವೂ ಉಂಟು. ದೊಡ್ಡ ವಸ್ತುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ದ್ರವ್ಯರಾಶಿಯಲ್ಲಿ ಋಣ ಎಂಬುದಿಲ್ಲ, ಅದು ಕೂಡುತ್ತಲೇ ಹೋಗುತ್ತದೆ. ಚಂದ್ರನನ್ನು ಹಿಡಿದಿಟ್ಟಿರುವುದು ಹೀಗೆ ಕೂಡಿ ಬೆಳೆದ ಗುರುತ್ವ. ತೋಳಳತೆಯಲ್ಲಿ ನಿಂತ ಇಬ್ಬರಲ್ಲಿ ಪ್ರೋಟಾನುಗಳಿಗಿಂತ ಎಲೆಕ್ಟ್ರಾನುಗಳು ಶೇಕಡಾ 1ರಷ್ಟು ಹೆಚ್ಚಿದ್ದರೆ, ಅವರ ನಡುವಿನ ವಿಕರ್ಷಣೆ ಭೂಮಿಯಷ್ಟು ಭಾರವನ್ನು ಎತ್ತಬಲ್ಲದು ಎಂದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಲೆಕ್ಕ ಹಾಕಿ ತೋರಿಸಿದ್ದರು.

ನಾಲ್ಕರಲ್ಲಿ ಉಳಿದ ಎರಡು ಬಲಗಳು, ಪ್ರಬಲ ಮತ್ತು ದುರ್ಬಲ, ಪರಮಾಣುವಿನ ನ್ಯೂಕ್ಲಿಯಸ್ಸಿನಾಚೆ ಕಾಣಸಿಗವು. ಪ್ರಬಲ ಬಲ ಪ್ರೋಟಾನುಗಳ ವಿಕರ್ಷಣೆಯನ್ನು ಮೀರಿ ನ್ಯೂಕ್ಲಿಯಸ್ಸನ್ನು ಹಿಡಿದಿಡುತ್ತದೆ. ದುರ್ಬಲ ಬಲದ ಹೆಸರು ಮಾತ್ರ ದಾರಿತಪ್ಪಿಸುತ್ತದೆ. ಅದನ್ನು ಸಾಗಿಸುವ ಡಬ್ಲ್ಯೂ ಕಣ ಪ್ರೋಟಾನಿಗಿಂತ ಸುಮಾರು 85 ಪಟ್ಟು ಭಾರ (1983ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿತು), ಆ ಭಾರದಿಂದಾಗಿ ಅದರ ವ್ಯಾಪ್ತಿ ತೀರಾ ಕಿರಿದು. ಅದಕ್ಕೇ ಅದು ದುರ್ಬಲವಾಗಿ ಕಾಣುತ್ತದೆ; ಗುರುತ್ವಕ್ಕಿಂತ ಬಲಶಾಲಿಯೇ.

ಆ ದುರ್ಬಲತೆ ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಸೂರ್ಯನ ಗರ್ಭದಲ್ಲಿ ಎರಡು ಪ್ರೋಟಾನುಗಳು ಬೆಸೆಯಬೇಕಾದರೆ, ಅವು ತಾಗಿದ ಆ ಕ್ಷಣದಲ್ಲೇ ಅವುಗಳಲ್ಲೊಂದು ನ್ಯೂಟ್ರಾನ್ ಆಗಿ ಮಾರ್ಪಡಬೇಕು. ಅದನ್ನು ಮಾಡಬಲ್ಲದ್ದು ದುರ್ಬಲ ಬಲ ಒಂದೇ, ಮತ್ತು ಅದು ಮಾಡುವುದು ಅಪರೂಪಕ್ಕೆ. ಅಲ್ಲಿನ ಒಂದು ಪ್ರೋಟಾನ್ ತನ್ನ ಸರದಿಗೆ ಸರಾಸರಿ ನೂರಾರು ಕೋಟಿ ವರ್ಷ ಕಾಯುತ್ತದೆ. ಸೂರ್ಯ ಉರಿಯತೊಡಗಿ ಸುಮಾರು 460 ಕೋಟಿ ವರ್ಷವಾಯಿತು. ಅದರ ನಟ್ಟನಡುವೆ ಹೈಡ್ರೋಜನ್ ಇವತ್ತಿಗೂ ಮೂರರಲ್ಲೊಂದು ಪಾಲು ಉಳಿದಿದೆ.