ಮೊದಲ ರಾತ್ರಿಯ ಅಂಕಿಗಳನ್ನು ಎಷ್ಟು ನಂಬಬೇಕು? ಎನ್‌ಬಿಎ ಫ್ಯಾಂಟಸಿ ಕಲಿಯುವವರಿಗೆ ಟಿಪ್ಪಣಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸೀಸನ್ ಸಾಮಾನ್ಯವಾಗಿ ಅಕ್ಟೋಬರ್ ಕೊನೆಯ ಭಾಗದ ಒಂದು ಮಂಗಳವಾರ ಶುರುವಾಗುತ್ತದೆ. ಆ ರಾತ್ರಿ ಹೆಚ್ಚಾಗಿ ಎರಡೇ ಆಟ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7:30 ಎಂದರೆ ನಮಗೆ ಬುಧವಾರ ಬೆಳಗ್ಗೆ 5 ಗಂಟೆ. ಎರಡನೆಯ ಆಟ ನಮ್ಮ 7:30ಕ್ಕೆ. ತಿಂಡಿ ತಿನ್ನುವಷ್ಟರಲ್ಲಿ ಮೊದಲ ಆಟದ ಬಾಕ್ಸ್ ಸ್ಕೋರ್, ಅಂದರೆ ಪ್ರತಿ ಆಟಗಾರನ ಅಂಕಿಗಳ ಪಟ್ಟಿ, ಫೋನಿನಲ್ಲಿ ಬಂದಿರುತ್ತದೆ. ನಮ್ಮ ಫ್ಯಾಂಟಸಿ ತಂಡದಿಂದ ಒಳ್ಳೆಯ ಆಟಗಾರರನ್ನು ಕೈಬಿಡುವ ಕೆಲಸ ಆಗುವುದೂ ಅದೇ ಹೊತ್ತಿನಲ್ಲಿ. ನಾನೂ ಮಾಡಿದ್ದೇನೆ, ಅದಕ್ಕೇ ಈ ಟಿಪ್ಪಣಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಕ್ರಿಕೆಟ್ ಫ್ಯಾಂಟಸಿಯಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ ಕಟ್ಟುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ. 10 ಅಥವಾ 12 ಜನ ಸೇರಿ ಸೀಸನ್‌ಗೆ ಮುಂಚೆ ಡ್ರಾಫ್ಟ್ ಮಾಡುತ್ತಾರೆ, ಅಂದರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಒಬ್ಬ ಆಟಗಾರ ಒಬ್ಬರಿಗೇ ಸೇರಿದವನು. ಅವನನ್ನು ಇಟ್ಟುಕೊಳ್ಳಬಹುದು, ಬೇರೆಯವರ ಆಟಗಾರನ ಜೊತೆ ಬದಲಾಯಿಸಿಕೊಳ್ಳಬಹುದು, ಬಿಡಬಹುದು. ಬಿಟ್ಟರೆ ಮಾತ್ರ ಬೇರೆಯವರು ಕ್ಷಣದಲ್ಲಿ ಎತ್ತಿಕೊಂಡು ಹೋಗುತ್ತಾರೆ. ಇನ್ನೊಂದು ಮಾತು: ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕಾನೂನು ನಿಷೇಧಿಸಿದೆ. ನಾನು ಹೇಳುತ್ತಿರುವುದು ಗೆಳೆಯರ ನಡುವಿನ ಉಚಿತ ಲೀಗ್ ಬಗ್ಗೆ.

ಲೆಕ್ಕ ಹಾಕುವ ಬಗೆ ಮುಖ್ಯವಾಗಿ ಎರಡು. ಒಂಬತ್ತು ವಿಭಾಗಗಳ ಲೀಗ್‌ನಲ್ಲಿ ಪಾಯಿಂಟ್, ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಪಾಸ್ ಕೊಡುವುದು), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು), ಮೂರು ಪಾಯಿಂಟಿನ ಶಾಟ್ (ದೂರದಿಂದ ಹಾಕುವ ಶಾಟ್), ಶಾಟ್‌ಗಳ ಶೇಕಡಾವಾರು (ಎಸೆದದ್ದರಲ್ಲಿ ಒಳಗೆ ಬಿದ್ದದ್ದು), ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ ಶಾಟ್) ಶೇಕಡಾವಾರು, ಟರ್ನೋವರ್ (ಚೆಂಡು ಕಳೆದುಕೊಳ್ಳುವುದು) ಎಲ್ಲವೂ ಬೇರೆ ಬೇರೆ ಸ್ಪರ್ಧೆ. ಪಾಯಿಂಟ್ಸ್ ಲೀಗ್‌ನಲ್ಲಿ ಎಲ್ಲವನ್ನೂ ಕೂಡಿಸಿ ಒಂದೇ ಸಂಖ್ಯೆ. ತುಂಬಾ ಕಡೆ ಬಳಸುವ ಸೂತ್ರ ಇದು: ಪಾಯಿಂಟಿಗೆ 1, ರೀಬೌಂಡ್‌ಗೆ 1.2, ಅಸಿಸ್ಟ್‌ಗೆ 1.5, ಸ್ಟೀಲ್ ಮತ್ತು ಬ್ಲಾಕ್‌ಗೆ ತಲಾ 3, ಟರ್ನೋವರ್ ಆದರೆ 1 ಕಳೆಯುವುದು. ಮುಂದಿನ ಲೆಕ್ಕಗಳನ್ನೆಲ್ಲ ಇದರಲ್ಲೇ ಹಾಕಿದ್ದೇನೆ, ಟರ್ನೋವರ್ ಬಿಟ್ಟು.

75 ಅಂಕದ ಹುಡುಗ

2013ರ ಅಕ್ಟೋಬರ್ 30. ಫಿಲಡೆಲ್ಫಿಯಾ ತಂಡದ ಹೊಸ ಹುಡುಗ ಮೈಕಲ್ ಕಾರ್ಟರ್-ವಿಲಿಯಮ್ಸ್ ತನ್ನ ಮೊಟ್ಟಮೊದಲ ಎನ್‌ಬಿಎ ಆಟ ಆಡಿದ. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಯಾಮಿ ಹೀಟ್. ಅವನ ಲೆಕ್ಕ: 22 ಪಾಯಿಂಟ್, 12 ಅಸಿಸ್ಟ್, 7 ರೀಬೌಂಡ್, 9 ಸ್ಟೀಲ್. ಸೂತ್ರಕ್ಕೆ ಹಾಕಿ ನೋಡಿ. 22, ಜೊತೆಗೆ 18, ಜೊತೆಗೆ 8.4, ಜೊತೆಗೆ 27. ಒಟ್ಟು 75.4!

ಈಗ ಆ 27ರ ಮೇಲೆ ಬೆರಳಿಡಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಂಕ ಬಂದಿದ್ದು ಸ್ಟೀಲ್‌ನಿಂದ. ಪ್ರತಿ ಆಟಕ್ಕೂ 9 ಸ್ಟೀಲ್ ಮಾಡುವವರು ಈ ಭೂಮಿಯ ಮೇಲೆ ಇಲ್ಲ. ಆ ಸೀಸನ್ನಿನ ಕೊನೆಗೆ ಅವನ ಸರಾಸರಿ 16.7 ಪಾಯಿಂಟ್, 6.2 ರೀಬೌಂಡ್, 6.3 ಅಸಿಸ್ಟ್, 1.9 ಸ್ಟೀಲ್. ಸೂತ್ರದಲ್ಲಿ ಸುಮಾರು 39. ಅವನೇನೂ ಕಳಪೆ ಆಟಗಾರನಲ್ಲ, ಆ ವರ್ಷದ ಶ್ರೇಷ್ಠ ಹೊಸಬನ ಪ್ರಶಸ್ತಿ ಅವನಿಗೇ ಬಂತು. ವೇವರ್‌ನಲ್ಲಿ, ಅಂದರೆ ಯಾರೂ ತೆಗೆದುಕೊಳ್ಳದವರ ಪಟ್ಟಿಯಲ್ಲಿ, ಸುಮ್ನೆ ಬಿದ್ದಿದ್ದವನನ್ನು ಎತ್ತಿಕೊಂಡವರಿಗೆ ಲಾಟರಿ ಹೊಡೆದ ಹಾಗೆ. ಆದರೆ ಆ ಬೆಳಗ್ಗೆ ಅವನಿಗಾಗಿ ದೊಡ್ಡ ಆಟಗಾರನನ್ನು ಕೊಟ್ಟವರು ಕೈ ಸುಟ್ಟುಕೊಂಡರು. ಒಂಬತ್ತು ವಿಭಾಗಗಳ ಲೀಗ್‌ನಲ್ಲಂತೂ ಅವನ ಶೇ. 40ರ ಆಸುಪಾಸಿನ ಶಾಟ್‌ಗಳು ಇಡೀ ತಂಡವನ್ನು ಕೆಳಗೆ ಎಳೆಯುತ್ತಿದ್ದವು. ಅಂದ ಹಾಗೆ, ಅವನ ತಂಡ ಮೊದಲ ಮೂರೂ ಆಟ ಗೆದ್ದಿತು. ಸೀಸನ್ ಮುಗಿದಾಗ 19 ಗೆಲುವು, 63 ಸೋಲು.

ಒಂದೇ ಆಟ, ಎರಡು ಸುಳ್ಳು

2024ರ ಅಕ್ಟೋಬರ್ 22ರ ಬಾಸ್ಟನ್–ನ್ಯೂಯಾರ್ಕ್ ಆಟ ನನ್ನ ಪ್ರಕಾರ ಈ ವಿಷಯಕ್ಕೆ ಪಠ್ಯಪುಸ್ತಕ ಇದ್ದ ಹಾಗೆ. ಬಾಸ್ಟನ್ 132–109ರಿಂದ ಗೆದ್ದಿತು. ಅವರು 29 ಮೂರು ಪಾಯಿಂಟಿನ ಶಾಟ್ ಹಾಕಿ ಒಂದು ಆಟದ ದಾಖಲೆಯನ್ನು ಸರಿಗಟ್ಟಿದರು. ಮೂವತ್ತನೆಯದಕ್ಕಾಗಿ ಕೊನೆಯಲ್ಲಿ ಪಟ್ಟ ಪಾಡು ನೋಡಬೇಕಿತ್ತು, ಸಾಲಾಗಿ 13 ಶಾಟ್ ತಪ್ಪಿದವು! ಜೇಸನ್ ಟೇಟಮ್ 37 ಪಾಯಿಂಟ್, 10 ಅಸಿಸ್ಟ್, ಮೂರರ ಶಾಟ್ ಒಬ್ಬನೇ ಎಂಟು.

ಇದರಲ್ಲಿ ಯಾವ ಅಂಕಿ ನಿಜ? ಒಳಗೆ ಬಿದ್ದ 29 ಅಲ್ಲ. ಎಸೆದ 61. ಆ ಸೀಸನ್ ಪೂರ್ತಿ ಬಾಸ್ಟನ್ ಆಟಕ್ಕೆ ಸರಾಸರಿ 48 ಮೂರರ ಶಾಟ್ ಎಸೆಯಿತು, ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು. ಒಳಗೆ ಬಿದ್ದದ್ದು ಮಾತ್ರ ಶೇ. 37ರ ಹತ್ತಿರ. ಟೇಟಮ್ ಕೂಡ ಕೊನೆಗೆ ಆಟಕ್ಕೆ ಮೂರೂವರೆ ಮೂರರ ಶಾಟ್‌ಗೆ ಬಂದು ನಿಂತ. ಎಷ್ಟು ಎಸೆಯಬೇಕು ಎನ್ನುವುದು ತಂಡದ ಯೋಜನೆ, ಅದು ಮುಂದಿನ ವಾರವೂ ಇರುತ್ತದೆ. ಎಷ್ಟು ಒಳಗೆ ಬೀಳುತ್ತವೆ ಎನ್ನುವುದು ಆ ರಾತ್ರಿಯ ಪುಣ್ಯ.

ಇನ್ನೊಂದು ಸುಳ್ಳು ಆಚೆ ಬದಿಯಲ್ಲಿ. ನ್ಯೂಯಾರ್ಕ್‌ಗೆ ಕಾರ್ಲ್-ಆಂಥನಿ ಟೌನ್ಸ್ ಆಗಷ್ಟೇ ಮಿನ್ನೆಸೋಟಾದಿಂದ ಬಂದಿದ್ದ. ಆ ರಾತ್ರಿ ಬರೀ 12 ಪಾಯಿಂಟ್, 7 ರೀಬೌಂಡ್. ಇವೆರಡನ್ನೇ ಲೆಕ್ಕ ಹಾಕಿದರೆ 20.4. "ಹೊಸ ತಂಡದಲ್ಲಿ ಇವನಿಗೆ ಜಾಗ ಇಲ್ಲ" ಎಂದುಕೊಂಡು ಅವನನ್ನು ಅಗ್ಗಕ್ಕೆ ಕೊಟ್ಟ ಬುದ್ಧಿವಂತರಲ್ಲಿ ನಾನೂ ಒಬ್ಬ. ಅವನ ಸೀಸನ್ ಸರಾಸರಿ 24.4 ಪಾಯಿಂಟ್, 12.8 ರೀಬೌಂಡ್. ಅದೇ ಲೆಕ್ಕದಲ್ಲಿ 39.8, ಹೆಚ್ಚುಕಡಿಮೆ ಎರಡರಷ್ಟು. ನಾನು ನೋಡದೇ ಹೋದದ್ದು ಇಷ್ಟೇ: ಏಕಪಕ್ಷೀಯ ಆಟದಲ್ಲಿ ಮುಖ್ಯ ಆಟಗಾರರು ಕೊನೆಗೆ ಬೆಂಚಿಗೆ ಹೋಗುತ್ತಾರೆ, ಹೊಸ ತಂಡದ ಲಯವೂ ಇನ್ನೂ ಕೂಡಿಬಂದಿರುವುದಿಲ್ಲ.

240 ನಿಮಿಷ

ನಾನು ಈಗ ಪಾಯಿಂಟ್‌ಗಿಂತ ಮುಂಚೆ ನಿಮಿಷಗಳ ಕಾಲಂ ನೋಡುತ್ತೇನೆ. ಆಟ 48 ನಿಮಿಷ, ಅಂಗಳದಲ್ಲಿ ಐವರು. ಹಾಗಾಗಿ ಒಂದು ತಂಡಕ್ಕೆ ಹಂಚಲು ಇರುವುದು 240 ನಿಮಿಷ. ಒಬ್ಬನಿಗೆ ಜಾಸ್ತಿ ಸಿಕ್ಕರೆ ಇನ್ನೊಬ್ಬನಿಗೆ ಕಡಿಮೆ. ಕೋಚ್ ಯಾರನ್ನು ನಂಬಿದ್ದಾನೆ ಎನ್ನುವುದು ಬಾಯಿಮಾತಿಗಿಂತ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಓವರ್‌ಟೈಮ್ (ಸ್ಕೋರ್ ಸಮವಾದಾಗ ಆಡಿಸುವ ಐದು ನಿಮಿಷದ ಹೆಚ್ಚುವರಿ ಅವಧಿ) ಆದರೆ ಎಚ್ಚರ. 2025ರ ಮೊದಲ ರಾತ್ರಿ ಒಕ್ಲಹೋಮಾ ಸಿಟಿ ಹ್ಯೂಸ್ಟನ್ ಮೇಲೆ 125–124ರಿಂದ ಗೆದ್ದದ್ದು ಎರಡು ಓವರ್‌ಟೈಮ್ ಆದ ಮೇಲೆ. ಅಂದರೆ 58 ನಿಮಿಷದ ಆಟ. ಹ್ಯೂಸ್ಟನ್‌ನ ಅಲ್ಪೆರೆನ್ ಶೆಂಗುನ್ 39 ಪಾಯಿಂಟ್, 11 ರೀಬೌಂಡ್, 7 ಅಸಿಸ್ಟ್ ಮಾಡಿದ, 62.7 ಅಂಕ. ಅದನ್ನು 48 ನಿಮಿಷಕ್ಕೆ ಇಳಿಸಿದರೆ ಸುಮಾರು 52. ಈಗಲೂ ಭರ್ಜರಿಯೇ, ಆದರೆ ಬದಲಾವಣೆ ಕೇಳಿಕೊಂಡು ಬಂದವರ ಜೊತೆ ಚೌಕಾಸಿ ಮಾಡುವಾಗ ಈ ಹತ್ತು ಅಂಕದ ವ್ಯತ್ಯಾಸ ತಲೆಯಲ್ಲಿರಲಿ. ಮಾರುವವರು ನೀವಾದರೆ ಬಾಯಿ ಬಿಡಬೇಡಿ.

ಅದೇ ಬೆಳಗಿನ ಎರಡನೆಯ ಆಟದಲ್ಲಿ ಲೇಕರ್ಸ್‌ನ ಲೂಕಾ ಡಾನ್ಚಿಚ್ 43 ಪಾಯಿಂಟ್ ಹೊಡೆದ. ಅದರಲ್ಲಿ ಕಲಿಯುವುದು ಕಡಿಮೆ, ಅವನು ಎಲ್ಲರಿಗೂ ಗೊತ್ತಿದ್ದವನು. ಕಲಿಯಬೇಕಾದದ್ದು ಅವನ ಜೊತೆಗಾರ ಆಸ್ಟಿನ್ ರೀವ್ಸ್‌ನ 26 ಪಾಯಿಂಟ್‌ನಿಂದ. ನರದ ನೋವಿನಿಂದ ಅದೇ ತಂಡದ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್ ಆಡಿರಲಿಲ್ಲ. ಅವನ ನಿಮಿಷಗಳು, ಅವನು ಹಿಡಿಯುತ್ತಿದ್ದ ಚೆಂಡು ಯಾರಿಗಾದರೂ ಹೋಗಲೇಬೇಕಲ್ಲ? ಕೆಲವೇ ದಿನಗಳಲ್ಲಿ, ಡಾನ್ಚಿಚ್ ಕೂಡ ಇಲ್ಲದ ಒಂದು ಆಟದಲ್ಲಿ, ರೀವ್ಸ್ 51 ಹೊಡೆದ. ಇಲ್ಲಿ ಮೊದಲ ರಾತ್ರಿ ಸುಳ್ಳು ಹೇಳಲಿಲ್ಲ. ಅಂಕಿಯ ಹಿಂದೆ ಒಂದು ಕಾರಣ ಇತ್ತು, ಆ ಕಾರಣ ವಾರಗಟ್ಟಲೆ ಉಳಿಯುವಂಥದ್ದಾಗಿತ್ತು.

ಮರುದಿನ ಸ್ಯಾನ್ ಆಂಟೋನಿಯೊದ ವಿಕ್ಟರ್ ವೆಂಬನ್ಯಾಮಾ ಡಲ್ಲಾಸ್ ಮೇಲೆ 40 ಪಾಯಿಂಟ್, 15 ರೀಬೌಂಡ್, 3 ಬ್ಲಾಕ್ ಮಾಡಿದ. ಹಿಂದಿನ ಸೀಸನ್ನಿನಲ್ಲಿ ಅವನ ಬ್ಲಾಕ್ ಸರಾಸರಿ 3.8. ಹಾಗಾಗಿ ಆ 3 ಬ್ಲಾಕ್ ಅವನ ಮಟ್ಟಿಗೆ ಮಾಮೂಲು. 40 ಮಾತ್ರ ಹಬ್ಬದೂಟ, ದಿನಾ ಸಿಗುವುದಲ್ಲ.

ತಕ್ಷಣ ಕೈ ಹಾಕಬೇಕಾದ ಸಂದರ್ಭ

ಗಾಯ. 2017ರ ಅಕ್ಟೋಬರ್ 17ರಂದು ಗಾರ್ಡನ್ ಹೇವರ್ಡ್ ಬಾಸ್ಟನ್ ಪರವಾಗಿ ಮೊದಲ ಆಟಕ್ಕೆ ಇಳಿದು ಕೆಲವೇ ನಿಮಿಷಗಳಲ್ಲಿ ಕಾಲು ಮುರಿದುಕೊಂಡ. ಆ ಸೀಸನ್ನಿನಲ್ಲಿ ಅವನು ಮತ್ತೆ ಆಡಲೇ ಇಲ್ಲ. ಅಂಥ ದಿನ ಕಾಯುವ ಮಾತೇ ಇಲ್ಲ. ಅವನನ್ನು ಗಾಯಾಳುಗಳ ಜಾಗಕ್ಕೆ ಸರಿಸಿ, ಖಾಲಿಯಾದ ನಿಮಿಷಗಳು ಯಾರಿಗೆ ಹೋಗುತ್ತವೆ ಎಂದು ಹುಡುಕಬೇಕು. ಬಾಸ್ಟನ್‌ನಲ್ಲಿ ಆ ವರ್ಷ ಹಾಗೆ ಅವಕಾಶ ಹೆಚ್ಚಿದ್ದು ಇಬ್ಬರು ಎಳೆಯರಿಗೆ, ಜೇಲೆನ್ ಬ್ರೌನ್ ಮತ್ತು ಆಗಿನ್ನೂ ಮೊದಲ ಆಟ ಆಡುತ್ತಿದ್ದ ಅದೇ ಟೇಟಮ್‌ಗೆ.

ಉಳಿದಂತೆ ನಾನು ಮೂರ್ನಾಲ್ಕು ಆಟ ಕಾಯುತ್ತೇನೆ. ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ ತೆಗೆದುಕೊಂಡವರಿಗೆ ಮಾತ್ರ ಈ ತಾಳ್ಮೆ ಬೇಡ.

ಇನ್ನು ಗಡಿಯಾರದ ವಿಷಯ. ಮೊದಲ ಐವರ ಪಟ್ಟಿಯನ್ನು ತಂಡಗಳು ಆಟಕ್ಕೆ ಅರ್ಧ ಗಂಟೆ ಮುಂಚೆ ಕೊಡುತ್ತವೆ, ಅಂದರೆ ನಮಗೆ 4:30. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮುಂದೆ ಅದೇ ಸಂಜೆ 7:30ರ ಆಟ ನಮಗೆ ಬೆಳಗ್ಗೆ 6ಕ್ಕೆ. ಅಲಾರಂ ಬದಲಿಸಿಕೊಳ್ಳಿ, ಒಂದು ಗಂಟೆ ಜಾಸ್ತಿ ಮಲಗಬಹುದು.