ಭೂಪಟದಲ್ಲಿ ಇಲ್ಲದ ತಂಡ, ಅದಕ್ಕೆ ಆಡಿದ ಅಬಿಗೇಲ್

ಪ್ರಶ್ನೆ: 2024ರಲ್ಲಿ ಭಾರತದ ಹುಡುಗಿಯರು ಮಹಿಳಾ ಟೆನಿಸ್ ತಂಡಗಳ ಪಂದ್ಯಾವಳಿಯಾದ ಬಿಲ್ಲಿ ಜೀನ್ ಕಿಂಗ್ ಕಪ್‌ನಲ್ಲಿ ‘ಪೆಸಿಫಿಕ್ ಓಷಿಯಾನಿಯಾ’ ತಂಡವನ್ನು ಸೋಲಿಸಿದರು ಅಂತ ಓದಿದೆ. ಭೂಪಟದಲ್ಲಿ ಎಷ್ಟು ಹುಡುಕಿದರೂ ಆ ದೇಶ ಸಿಗಲಿಲ್ಲ. ಎಲ್ಲಿದೆ ಅದು? ಅಲ್ಲಿನವರು ಟೆನಿಸ್ ಆಡಿಕೊಂಡೇ ಬದುಕಬಹುದಾ?

ಉತ್ತರ: ಸಿಗಲ್ಲ ಬಿಡಿ, ಅದು ದೇಶವೇ ಅಲ್ಲ. ಫಿಜಿ, ಸಮೋವಾ, ಟೋಂಗಾ, ವನುವಾಟು, ಕುಕ್ ದ್ವೀಪ, ಪಾಪುವಾ ನ್ಯೂಗಿನಿ... ಹೀಗೆ ಪೆಸಿಫಿಕ್ ಸಾಗರದ ತುಂಬ ಚದುರಿರುವ ದ್ವೀಪಗಳು ಸೇರಿ ಕಟ್ಟಿಕೊಂಡ ಒಂದು ತಂಡ. ಒಂದೊಂದು ದ್ವೀಪದಲ್ಲಿ ನಾಲ್ಕು ಜನ ಒಳ್ಳೆಯ ಆಟಗಾರರು ಸಿಗುವುದೇ ಕಷ್ಟ. ಎಲ್ಲರೂ ಸೇರಿದರೆ ಒಂದು ತಂಡವಾದರೂ ಆಗುತ್ತೆ, ಅಲ್ವಾ? ಆದರೆ ಒಬ್ಬರೇ ಆಡುವ ಪಂದ್ಯಾವಳಿಗಳಲ್ಲಿ ಅವರವರ ಹೆಸರಿನ ಮುಂದೆ ಅವರವರ ದೇಶದ ಬಾವುಟವೇ ಇರುತ್ತದೆ.

ಎರಡನೇ ಪ್ರಶ್ನೆಗೆ ಆ ತಂಡಕ್ಕೆ ಆಡಿದ ಅಬಿಗೇಲ್ ತೆರೆ-ಅಪಿಸಾ ಅವರನ್ನೇ ನೋಡೋಣ. 1992ರಲ್ಲಿ ಹುಟ್ಟಿದವರು, ಪಾಪುವಾ ನ್ಯೂಗಿನಿಯವರು. ದ್ವೀಪ ಅಂದ ತಕ್ಷಣ ತೆಂಗಿನ ಮರ, ಅಂಗೈ ಅಗಲದ ಜಾಗ ಅಂದುಕೊಳ್ಳಬೇಡಿ. ಅದು ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡ ದೇಶ. ಅಲ್ಲಿನವರಿಗೆ ಹುಚ್ಚು ಮಾತ್ರ ರಗ್ಬಿ ಲೀಗ್‌ನದು, ಟೆನಿಸ್‌ನದಲ್ಲ.

ಅಬಿಗೇಲ್ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಫಿಜಿಯ ಲೌಟೋಕಾಗೆ ಬಂದರು. ಕಬ್ಬು ಬೆಳೆಯುವ ಸೀಮೆ ಅದು. ಕಬ್ಬಿನ ಗದ್ದೆಗಳಿಗೆ ಕೂಲಿಗೆ ಹೋದ ಭಾರತೀಯರ ವಂಶದವರು ಈಗಲೂ ಅಲ್ಲಿದ್ದಾರೆ. ಪೆಸಿಫಿಕ್‌ನ ಹುಡುಗ ಹುಡುಗಿಯರಿಗಾಗಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ತರಬೇತಿ ಕೇಂದ್ರ ಇದ್ದದ್ದು ಅಲ್ಲೇ. ಅಲ್ಲಿಂದ ಅವರು ಹೋಗಿದ್ದು ಅಮೆರಿಕದ ಅಟ್ಲಾಂಟಾಗೆ, ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ. ನನ್ನ ಲೆಕ್ಕದಲ್ಲಿ ಇದೇ ಜಾಣ ಹೆಜ್ಜೆ. ಕಾಲೇಜು ತಂಡದಲ್ಲಿದ್ದರೆ ಕೋಚ್, ಕೋರ್ಟು, ಮ್ಯಾಚಿಗೆ ಹೋಗಿಬರುವ ಖರ್ಚು ಎಲ್ಲ ಕಾಲೇಜಿನದು. ಡಿಗ್ರಿಯೂ ಸಿಗುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲಿನಲ್ಲಿ 15,000 ಅಮೆರಿಕನ್ ಡಾಲರ್‌ನ ಪಂದ್ಯಾವಳಿಗಳಿವೆ. ಕೇಳೋಕೆ ದೊಡ್ಡ ಮೊತ್ತ. ಆದರೆ ಅದು ಬಂದವರೆಲ್ಲರಿಗೂ ಹಂಚುವ ಹಣ. ಗೆದ್ದವರಿಗೆ ಎರಡು ಸಾವಿರ ಚಿಲ್ಲರೆ ಡಾಲರ್, ಮೊದಲ ಸುತ್ತಿನಲ್ಲೇ ಸೋತರೆ ಸುಮಾರು 150. ವಿಮಾನದ ಟಿಕೆಟ್, ರೂಮು, ಊಟ, ರಾಕೆಟ್‌ಗೆ ಗಟ್ ಹಾಕಿಸುವುದು, ಎಲ್ಲ ಇದರಲ್ಲೇ ಆಗಬೇಕು. ಯುರೋಪಿನ ಹುಡುಗಿ ಸೋತರೆ ರೈಲು ಹತ್ತಿ ಪಕ್ಕದ ದೇಶದ ಮುಂದಿನ ಪಂದ್ಯಾವಳಿಗೆ ಹೋಗುತ್ತಾಳೆ. ಪಾಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಹೊರಟರೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ತಲುಪೋಕೇ ಮೂರು ಗಂಟೆ ವಿಮಾನದಲ್ಲಿ ಕೂರಬೇಕು. ರ‍್ಯಾಂಕಿಂಗ್ ಪಾಯಿಂಟ್ಸ್ ಇಲ್ಲದೆ ದೊಡ್ಡ ಪಂದ್ಯಾವಳಿಗೆ ಪ್ರವೇಶ ಇಲ್ಲ, ಓಡಾಡದೆ ಪಾಯಿಂಟ್ಸ್ ಇಲ್ಲ, ದುಡ್ಡಿಲ್ಲದೆ ಓಡಾಟ ಇಲ್ಲ. ಇಂಥ ದೇಶಗಳ ಆಟಗಾರರಿಗೆ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳು ಸೇರಿ ಹಾಕುವ ನಿಧಿಯಿಂದ ಒಂದಿಷ್ಟು ಅನುದಾನ ಬರುತ್ತದೆ, ನಿಜ. ಅದರಿಂದ ಸ್ವಲ್ಪ ಉಸಿರಾಡಬಹುದು, ಅಷ್ಟೆ.

ಬೇರೆ ದಾರಿಯೂ ಇದೆ. ಟೆನಿಸ್ ಆಟಗಾರ ಫ್ಯಾಬ್ರಿಸ್ ಸಾಂಟೊರೊ ನೆನಪಿದ್ದಾರಾ? ಎರಡೂ ಕಡೆಯಿಂದ ಎರಡೂ ಕೈಯಲ್ಲಿ ಹೊಡೆಯುತ್ತಿದ್ದವರು. ಅವರು ಹುಟ್ಟಿದ್ದು ಪೆಸಿಫಿಕ್‌ನ ಟಹೀಟಿಯಲ್ಲಿ. ಆದರೆ ಟಹೀಟಿ ಫ್ರಾನ್ಸ್‌ಗೆ ಸೇರಿದ್ದು. ಹಾಗಾಗಿ ಆಡಿದ್ದು ಫ್ರಾನ್ಸ್‌ಗೆ, ಫ್ರಾನ್ಸ್‌ನ ದುಡ್ಡು, ಕೋರ್ಟುಗಳ ಬಲದ ಮೇಲೆ. ಅಬಿಗೇಲ್‌ಗೆ ಅಂಥ ಬೆನ್ನೆಲುಬು ಇರಲಿಲ್ಲ.

ಆದರೂ ಅವರು ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ 300ರೊಳಗೆ ಬಂದರು. 2020ರಲ್ಲಿ ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತಿನಲ್ಲಿ ಆಡಿದರು. ಆ ವರ್ಷ ಅಲ್ಲಿ ಮೊದಲ ಪಂದ್ಯ ಸೋತು ಮನೆಗೆ ಹೋಗುವವರಿಗೂ 20,000 ಆಸ್ಟ್ರೇಲಿಯನ್ ಡಾಲರ್ ಇತ್ತು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 13,800 ಅಮೆರಿಕನ್ ಡಾಲರ್. ಅಷ್ಟು ಸಂಪಾದಿಸಬೇಕು ಅಂದರೆ ಕೆಳಗಿನ ಮೆಟ್ಟಿಲಿನ ಪಂದ್ಯಾವಳಿಗಳಲ್ಲಿ ಮೊದಲ ಸುತ್ತನ್ನು ಸುಮಾರು 90 ಸಲ ಸೋಲಬೇಕು. ಆ 90 ಊರುಗಳಿಗೆ ವಿಮಾನದ ಟಿಕೆಟ್ ಬೇರೆ.