ಬಿಳಿ ರಕ್ತಕಣಗಳಲ್ಲಿ ಯಾವುದು ಮುಖ್ಯ? ಒಂದು ಹಳೇ ವಾದದ ಹಿನ್ನೆಲೆ

ಕೋವಿಡ್ ಲಸಿಕೆ ಹಾಕಿಸಿಕೊಂಡ ಮೇಲೆ ಎಷ್ಟೋ ಜನ ದುಡ್ಡು ಕೊಟ್ಟು ಆ್ಯಂಟಿಬಾಡಿ (ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ರಕ್ತದ ಪ್ರೋಟೀನ್) ಪರೀಕ್ಷೆ ಮಾಡಿಸಿಕೊಂಡರು. ಜಾಸ್ತಿ ಬಂದವರಿಗೆ ಸಮಾಧಾನ, ಕಮ್ಮಿ ಬಂದವರಿಗೆ ಗಾಬರಿ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಅರ್ಧ ಕಥೆ. ಆ್ಯಂಟಿಬಾಡಿ ಇಳಿದ ಮೇಲೂ ವೈರಸ್ಸಿನ ಗುರುತು ಇಟ್ಟುಕೊಂಡ ಬಿ ಕಣ, ಟಿ ಕಣ ಎಂಬ ಬಿಳಿ ರಕ್ತಕಣಗಳು ಮೈಯಲ್ಲಿ ಉಳಿದಿರುತ್ತವೆ. ಆ ಪರೀಕ್ಷೆ ಅವನ್ನು ನೋಡುವುದೇ ಇಲ್ಲ. ಯಾವುದೋ ಒಂದನ್ನು ಹಿಡಿದು ಇಡೀ ರೋಗನಿರೋಧಕ ಶಕ್ತಿಯನ್ನು ಅಳೆಯುವ ಅಭ್ಯಾಸ ಇವತ್ತಿನದಲ್ಲ. ವಿಜ್ಞಾನಿಗಳೂ ಸುಮಾರು ಎಂಬತ್ತು ವರ್ಷ ಅದರಲ್ಲೇ ಸಿಕ್ಕಿಕೊಂಡಿದ್ದರು.

1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ರೋಗಾಣುವನ್ನು ನುಂಗುವ ಈ ಕಣಗಳೇ ಮೈಯನ್ನು ಕಾಯುತ್ತವೆ ಎಂಬುದು ಅವರ ವಾದವಾಯಿತು. 1890ರಲ್ಲಿ ಬರ್ಲಿನ್‌ನಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಬೇರೆಯೇ ಉತ್ತರ ಕೊಟ್ಟರು. ಕಣಗಳೇ ಇಲ್ಲದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಕೂಡ ರೋಗದ ವಿಷವನ್ನು ತಡೆಯುತ್ತಿತ್ತು. ಎರಡು ಬಣಗಳಾದವು. 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್ ಮತ್ತು ಸೀರಂ ಬಣದ ಪಾಲ್ ಎರ್ಲಿಕ್ ಇಬ್ಬರಿಗೂ ಹಂಚಿದರು. ಆದರೂ ಮುಂದಿನ ಅರ್ಧ ಶತಮಾನ ಸೀರಂ ಬಣದ್ದೇ ಮೇಲುಗೈ. ಸೀರಂನಲ್ಲಿರುವ ಆ್ಯಂಟಿಬಾಡಿಯನ್ನು ಅಳೆಯುವುದು ಸುಲಭವಿತ್ತು. ಅಳೆಯಲು ಸಿಕ್ಕಿದ್ದೇ ಮುಖ್ಯ ಅನ್ನಿಸುವುದು ಸಹಜ, ಅಲ್ವಾ?

ಗಂಟು ಬಿಚ್ಚಿದ್ದು ಕೋಳಿಗಳಿಂದ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಕೋಳಿಮರಿಗಳ ಹಿಂಭಾಗದಲ್ಲಿರುವ ಬರ್ಸಾ ಎಂಬ ಚಿಕ್ಕ ಚೀಲವನ್ನು ತೆಗೆದು ನೋಡುತ್ತಿದ್ದರು. ಅದರ ಕೆಲಸವೇನೆಂದು ಗೊತ್ತಾಗಲಿಲ್ಲ. ಜೊತೆಯ ವಿದ್ಯಾರ್ಥಿ ತಿಮೋತಿ ಚಾಂಗ್‌ಗೆ ತರಗತಿಯಲ್ಲಿ ಆ್ಯಂಟಿಬಾಡಿ ಹುಟ್ಟುವುದನ್ನು ತೋರಿಸಲು ಕೋಳಿ ಬೇಕಾಗಿತ್ತು. ಗ್ಲಿಕ್ ಅವರ ಕೋಳಿಗಳನ್ನೇ ತೆಗೆದುಕೊಂಡು ಹೋಗಿ ಸಾಲ್ಮೊನೆಲ್ಲಾ ಚುಚ್ಚಿದರು. ಹೆಚ್ಚಿನ ಕೋಳಿಗಳಲ್ಲಿ ಆ್ಯಂಟಿಬಾಡಿಯೇ ಬರಲಿಲ್ಲ. ಗುರುತು ನೋಡಿದರೆ ಅವು ಬರ್ಸಾ ತೆಗೆದ ಕೋಳಿಗಳು! ದೊಡ್ಡ ಪತ್ರಿಕೆ ಈ ಬರಹವನ್ನು ತೆಗೆದುಕೊಳ್ಳಲಿಲ್ಲ. 1956ರಲ್ಲಿ ಅದು ಕೋಳಿ ಸಾಕಣೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು. ರೋಗನಿರೋಧಕ ಶಕ್ತಿಯ ಬಗ್ಗೆ ಕೆಲಸ ಮಾಡುವವರಲ್ಲಿ ಅದನ್ನು ಓದುವವರು ಕಮ್ಮಿ. ಹಾಗಾಗಿ ವರ್ಷಗಟ್ಟಲೆ ಅದು ಸುಮ್ನೆ ಬಿದ್ದಿತ್ತು.

1961ರಲ್ಲಿ ಲಂಡನ್‌ನಲ್ಲಿ ಜಾಕ್ ಮಿಲ್ಲರ್ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದರು. ಎದೆಗೂಡಿನ ಆ ಗ್ರಂಥಿ ಉಪಯೋಗವಿಲ್ಲದ್ದು ಎಂದೇ ಆಗ ಹೆಚ್ಚಿನವರು ನಂಬಿದ್ದರು. ಮರಿಗಳು ಸೊರಗಿದವು. ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೂ ಅವುಗಳ ಮೈ ಅದನ್ನು ತಿರಸ್ಕರಿಸಲಿಲ್ಲ. ಕೋಳಿ, ಇಲಿಗಳ ಪ್ರಯೋಗಗಳನ್ನು ಜೋಡಿಸಿ ನೋಡಿದಾಗ ಅರ್ಥವಾಯಿತು: ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ, ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೊಸೈಟ್‌ಗಳಲ್ಲಿ ಎರಡು ಜಾತಿ ಇದ್ದವು. ಕೋಳಿಯ ಬರ್ಸಾದಲ್ಲಿ ಬೆಳೆಯುವುದು ಒಂದು, ಥೈಮಸ್‌ನಲ್ಲಿ ಬೆಳೆಯುವುದು ಇನ್ನೊಂದು. ಇವತ್ತು ಬಿ ಮತ್ತು ಟಿ ಎನ್ನುವುದು ಇವನ್ನೇ. ನಮ್ಮಲ್ಲಿ ಬರ್ಸಾ ಇಲ್ಲ, ಬಿ ಕಣಗಳು ಹುಟ್ಟುವುದು ಮೂಳೆಮಜ್ಜೆಯಲ್ಲಿ.

ಮುಂದಿನ ಪ್ರಶ್ನೆ ಮತ್ತೆ ಅದೇ: ಆ್ಯಂಟಿಬಾಡಿ ತಯಾರಿಸುವವರು ಯಾರು? 1966ರಲ್ಲಿ ಡೆನ್ವರ್‌ನಲ್ಲಿ ಹೆನ್ರಿ ಕ್ಲಾಮನ್ ತಂಡ ವಿಕಿರಣದಿಂದ ಇಲಿಗಳ ಸ್ವಂತ ಕಣಗಳನ್ನು ನಾಶ ಮಾಡಿತು. ಕೆಲವಕ್ಕೆ ಥೈಮಸ್ ಕಣ ಮಾತ್ರ ಕೊಟ್ಟರು, ಕೆಲವಕ್ಕೆ ಮಜ್ಜೆಯ ಕಣ ಮಾತ್ರ. ಎರಡರಲ್ಲೂ ಹುಟ್ಟಿದ ಆ್ಯಂಟಿಬಾಡಿ ಅಷ್ಟಕ್ಕಷ್ಟೆ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಎರಡರ ಮೊತ್ತವನ್ನೂ ಮೀರಿದ ಫಲ ಬಂತು. 1968ರಲ್ಲಿ ಮೆಲ್ಬರ್ನ್‌ನಲ್ಲಿ ಮಿಲ್ಲರ್ ಮತ್ತು ಗ್ರಹಾಂ ಮಿಚೆಲ್ ಕಣಗಳ ಗುರುತು ಹಿಡಿದು ನೋಡಿದರು. ಆ್ಯಂಟಿಬಾಡಿ ಮಾಡುವುದು ಮಜ್ಜೆಯಿಂದ ಬಂದ ಕಣ. ಥೈಮಸ್‌ನ ಕಣ ಸ್ವತಃ ಒಂದನ್ನೂ ಮಾಡುವುದಿಲ್ಲ, ಆದರೆ ಅದರ ಸಹಾಯವಿಲ್ಲದೆ ಕೆಲಸ ನಡೆಯುವುದಿಲ್ಲ. ಯಾವುದು ಮುಖ್ಯ ಎಂಬ ಪ್ರಶ್ನೆಗೆ ಅವತ್ತೇ ಅರ್ಥ ಹೋಗಬೇಕಿತ್ತು.

ಆಮೇಲೆ ಒಂದೊಂದಾಗಿ ಕೊಂಡಿಗಳು ಸಿಕ್ಕವು. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ರೋಗಾಣುವಿನ ತುಣುಕನ್ನು ಟಿ ಕಣಕ್ಕೆ ತೋರಿಸುವ ಡೆಂಡ್ರೈಟಿಕ್ ಕಣವನ್ನು ಗುರುತಿಸಿದರು. ಮರುವರ್ಷ ಕ್ಯಾನ್‌ಬೆರಾದಲ್ಲಿ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್, ಟಿ ಕಣವು ವೈರಸ್ಸನ್ನು ಮೈಯ ಸ್ವಂತ ಗುರುತಿನ ಜೊತೆಗೆ ಮಾತ್ರ ಓದಬಲ್ಲದು ಎಂದು ತೋರಿಸಿದರು.

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಇದೆಲ್ಲ ನಮ್ಮ ಮೈಯಲ್ಲೇ ನಡೆಯುತ್ತದೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಬಂದು ಬ್ಯಾಕ್ಟೀರಿಯಾ ನುಂಗುತ್ತವೆ, ನುಂಗಿ ಸಾಯುತ್ತವೆ. ಕೀವೆಂದರೆ ಬಹುಪಾಲು ಅವೇ. ಮ್ಯಾಕ್ರೊಫೇಜ್ ಎಂಬ ನುಂಗುವ ದೊಡ್ಡ ಕಣಗಳು ಆ ಕಸ ತೆಗೆಯುತ್ತವೆ, ರಾಸಾಯನಿಕ ಸಂಕೇತ ಬಿಟ್ಟು ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಡೆಂಡ್ರೈಟಿಕ್ ಕಣ ಒಂದು ತುಣುಕು ಹಿಡಿದು ತೊಡೆಸಂದಿನ ಗ್ರಂಥಿಗೆ ಹೋಗುತ್ತದೆ. ಅಲ್ಲಿ ಆ ತುಣುಕಿಗೆ ಹೊಂದುವ ಟಿ ಕಣ ಸಿಗಬೇಕು. ಅದೇ ರೋಗಾಣುವಿನ ತುಣುಕನ್ನು ತೋರಿಸುತ್ತಿರುವ ಬಿ ಕಣಕ್ಕೆ ಆ ಟಿ ಕಣ ಒಪ್ಪಿಗೆ ಕೊಡಬೇಕು. ಆಮೇಲೆ ಕಣಗಳು ದುಪ್ಪಟ್ಟಾಗುತ್ತಾ ಹೋಗುತ್ತವೆ. ತೊಡೆಸಂದಿನಲ್ಲಿ ಗಂಟು ಕಟ್ಟಿಕೊಂಡು ನೋಯುವುದು ಅದಕ್ಕೇ. ಒಂದು ಕಣ ತಪ್ಪಾಗಿ ನಮ್ಮ ಅಂಗದ ಮೇಲೇ ಹೊರಟರೂ ಇನ್ನೊಂದರ ಒಪ್ಪಿಗೆ ಸಿಗದೆ ನಿಲ್ಲುವ ಅವಕಾಶ ಇದರಲ್ಲಿದೆ. ಎಚ್ಐವಿ ಅಷ್ಟು ಅಪಾಯಕಾರಿ ಆಗಿದ್ದೂ ಇದಕ್ಕೇ. ಅದು ಕೊಲ್ಲುವುದು ಸಹಾಯಕ ಟಿ ಕಣಗಳನ್ನು. ಅವು ಹೋದರೆ ಉಳಿದ ಕಣಗಳು ಇದ್ದೂ ದಿಕ್ಕು ತಪ್ಪುತ್ತವೆ.

ಉಳಿದ ಕಣಗಳ ದಾಳಿಯನ್ನು ತಡೆಯುವ ಕಣಗಳ ಕಥೆ ಇನ್ನೂ ತಡವಾಗಿ ಬಂತು. 1970ರ ದಶಕದಲ್ಲಿ ಅಂಥ ಟಿ ಕಣಗಳಿವೆ ಎಂದು ತುಂಬಾ ಬರೆದರು, ಪುರಾವೆ ನಿಲ್ಲಲಿಲ್ಲ, ವಿಷಯಕ್ಕೇ ಕೆಟ್ಟ ಹೆಸರು ಬಂತು. ಜಪಾನಿನ ಶಿಮೋನ್ ಸಕಾಗುಚಿ ಬಿಡದೆ ಹಿಡಿದು 1995ರಲ್ಲಿ ಅವನ್ನು ಗುರುತಿಸಿದರು. 2025ರ ನೊಬೆಲ್ ಅವರಿಗೆ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಜೊತೆ ಸಿಕ್ಕಿತು. ಈ ಕಣಗಳು ಸರಿಯಿಲ್ಲದಿದ್ದರೆ ಮೈ ತನ್ನ ಮೇಲೇ ದಾಳಿ ಮಾಡುತ್ತದೆ. ಇಮ್ಯೂನಿಟಿ ಹೆಚ್ಚಿಸುತ್ತೇವೆ ಎಂದು ಮಾರುವ ಪುಡಿ, ಕಷಾಯಗಳ ಜಾಹೀರಾತಿನಲ್ಲಿ ಈ ಮಾತು ಬರುವುದೇ ಇಲ್ಲ. ಯಾವ ಕಣವನ್ನು ಹೆಚ್ಚಿಸುತ್ತೀರಿ ಎಂದು ಕೇಳಬೇಕಾಗುತ್ತದೆ. ಸ್ವಂತ ಮೈ ಮೇಲೇ ದಾಳಿ ನಡೆಯುವ ಕಾಯಿಲೆಗಳಲ್ಲಿ ತಡೆಯುವ ಟಿ ಕಣಗಳನ್ನು ಹೆಚ್ಚಿಸುವ ಪ್ರಯೋಗಗಳು ಈಗ ನಡೆಯುತ್ತಿವೆ. ಕ್ಯಾನ್ಸರ್ ಗಡ್ಡೆಯೊಳಗೆ ಇವೇ ಕಣಗಳು ಸೇರಿಕೊಂಡು ದಾಳಿಯನ್ನು ತಡೆಯುತ್ತವೆ. ಅಲ್ಲಿನ ಪ್ರಯೋಗ ಅವನ್ನು ಕಮ್ಮಿ ಮಾಡುವುದು ಹೇಗೆ ಎಂಬುದರದ್ದು.